ಗೆಳೆಯನಿಗೊಂದು ಪತ್ರ: ಕಾಸ್‌ಗೆ ಹೋಗೂ ಮೊದಲು ಬೀದರಕ್ಕ ಹೋಗು

ದೋಸ್ತ,

ಸೆಪ್ಟೆಂಬರ್‌ದಾಗ ಮಹಾರಾಷ್ಟ್ರದ ಸಾತಾರಾ ಬಲ್ಲಿ ಇರೋ ಹೂವಿನ ಬಯಲು ಕಾಸ್ ಪಠಾರ ನೋಡಿಕೊಂಡು ರತ್ನಾಗಿರಿ ಕಡಿ ಸಮುದ್ರದ ದಂಡಿಗೂ ಇಳಿತೀನಿ, ಕಾಡುಹೂವಿನ ಫೋಟೋಕ್ಕ ಯಾವ ಲೆನ್ಸ್ ತಗೊಳ್ಳಲಿ ಅಂತ ಕೇಳಿದ್ದಿ. ಏನೂ ತಗೋಬ್ಯಾಡ. ನಿನ್ನ ಬಲ್ಲಿ ಇರೋ 18-55 ಮಿ.ಮೀ. ಲೆನ್ಸೇ ಸಾಕು. ಆ ರೊಕ್ಕದಾಗ ಎರಡು ಸಲ ಬೀದರಕ್ಕ ಹೋಗಿ ಬಾ.

ಯಾಕಂದ್ರ ಕಲ್ಲು ಒಂದೇ. ಕಾಸ್‌ದಾಗ ಕರಿಕಲ್ಲಿನ ಮ್ಯಾಲ ಕೆಂಪುಕಲ್ಲಿನ ಪದರ, ಬೀದರದಾಗೂ ಹಂಗೇ. ಕೊಂಕಣದವರು 'ಸಡಾ' ಅಂತ ಕರೆಯೋ ಬಯಲೂ ಇದೇ ಜಂಬಿಟ್ಟಿಗೆ. ಬೀದರ ಕೋಟಿಯ ಮೂರು ಸಾಲಿನ ಕಂದಕ ಕೊರೆದಿದ್ದು ಇದೇ ಕಲ್ಲಿನಾಗ. ಇದರ ಮ್ಯಾಲ ಮಣ್ಣು ತೆಳು. ಮಳಿ ಬಿದ್ರ ತಗ್ಗಿನಾಗ ನೀರು ನಿಲ್ತದ, ಮಳಿ ಹೋದ್ರ ಭಡಭಡ ಒಣಗ್ತದ. ಹಿಂಗಾಗಿ ಗಿಡ ಗೇಣಿನ ಮ್ಯಾಲ ಏರಲ್ಲ, ಹೂ ಅವಸರದಾಗ ಅರಳ್ತಾವ. ಕಾಸ್‌ನ ಹೂವೆಲ್ಲ ಬೀದರದಾಗ ಸಿಗ್ತಾವ ಅಂತ ಹೇಳ್ತಿಲ್ಲ. ಕಾಸ್ ಸುಮಾರು 1,200 ಮೀಟರ್ ಎತ್ತರ, ಮಳೀನೂ ಬ್ಯಾರೆ. ಮರಾಠಿಯವರು 'ಸೀತೇಚಿ ಆಸವೆ' ಅನ್ನೋ ನೇರಳೆ ಹೂವಿನ, ಹುಳ ತಿನ್ನೋ ಗಿಡ ಹಾಸಿದಂಗ ನೋಡಬೇಕಂದ್ರ ಅಲ್ಲಿಗೇ ಹೋಗಬೇಕು. ಆದ್ರ ಗಿಡ್ಡ ಹೂ, ಬಟಾಬಯಲು, ಬಿಡದ ಗಾಳಿ, ಈ ಮೂರಕ್ಕ ಕೈ ಪಳಗಿಸಲಿಕ್ಕ ಬೀದರ ಸಾಕು.

ಹೂವೂ ದೊಡ್ಡದಾಗಿ ಬೇಕು, ಹಿಂದಿನ ಬಯಲೂ ಚೊಕ್ಕ ಬೇಕು ಅಂತಿ. ಎಲ್ಲಾರೂ ಸೋಲೋದು ಅಲ್ಲೇ. ನಿನ್ನ ಸಣ್ಣ ಸೆನ್ಸರ್ ಕ್ಯಾಮೆರಾಕ್ಕ ಲೆಕ್ಕ ಹಿಂಗದ: 18 ಮಿ.ಮೀ., ಎಫ್/11 (ಇದು ಲೆನ್ಸಿನ ಕಿಂಡಿಯ ಅಳತಿ, ಅಂಕಿ ದೊಡ್ಡದಾದಂಗ ಕಿಂಡಿ ಸಣ್ಣದು), ಫೋಕಸ್ ಒಂದೂವರೆ ಮೀಟರ್‌ಗೆ ಇಟ್ರ ಮುಕ್ಕಾಲು ಮೀಟರ್‌ದಿಂದ ದಿಗಂತದ ತನಕ ಚೊಕ್ಕ ಬರ್ತದ. ಆದ್ರ ಅಷ್ಟು ದೂರದಾಗ ಉಗುರಿನಷ್ಟು ಹೂ ಬರೀ ಚುಕ್ಕಿ. 30 ಸೆಂ.ಮೀ. ಸನೇಕ ಹೋದಿ ಅಂದ್ರ ಹಿಂದಿಂದು ಮಸುಕು. ಆಗ ಸಿಟ್ಟಿಗೆದ್ದು ಎಫ್/22ಕ್ಕ ಹೋಗಬ್ಯಾಡ, ಕಿಂಡಿ ಅಷ್ಟು ಸಣ್ಣದಾದ್ರ ಬೆಳಕು ಹರಡಿ ಇಡೀ ಚಿತ್ರ ಮೆತ್ತಗಾಗ್ತದ. ಎಫ್/11ರಾಗೇ ನಾಕು ಫೋಟೋ ತೆಗಿ: ಫೋಕಸ್ 30 ಸೆಂ.ಮೀ., 50 ಸೆಂ.ಮೀ., ಒಂದು ಮೀಟರ್, ಮೂರು ಮೀಟರ್. ಅಂತರ ಲೆನ್ಸಿನ ಮೂತಿಯಿಂದ ಅಲ್ಲ, ಒಳಗಿನ ಸೆನ್ಸರ್‌ನಿಂದ (ಬೆಳಕು ಹಿಡಿಯೋ ಚಿಪ್) ಅಳಿಬೇಕು. ಮನ್ಯಾಗ ಕಂಪ್ಯೂಟರ್‌ದಾಗ ನಾಕರಾಗಿನ ಚೊಕ್ಕ ಭಾಗ ಕೂಡಿಸಿ ಒಂದೇ ಫೋಟೋ ಮಾಡು. ಫೋಕಸ್ ಸರಿದಂಗ ಚೌಕಟ್ಟು ಚೂರು ಹಿಗ್ಗಿ ಕುಗ್ತದ, ಅಂಚಿನಾಗ ಜಾಗ ಬಿಟ್ಟಿರು. ಹೂವಿನ ಫೋಟೋ ಮೊದಲು ಆಗಲಿ. ಬಯಲು ಎಲ್ಲಿಗೂ ಓಡಿಹೋಗಲ್ಲ, ಹೂ ಮಾತ್ರ ಅಲ್ಲಾಡ್ತದ.

ಇಷ್ಟು ಕೆಳಗ ಟ್ರೈಪಾಡ್ ಬರಲ್ಲ. ದಪ್ಪ ಬಟ್ಟಿದೊಂದು ಚೀಲ ಹೊಲಿಸಿ ಎರಡು ಕಿಲೋ ಜೋಳ ಹಾಕು. ಮುಕ್ಕಾಲು ತುಂಬಿದ್ರ ಸಾಕು, ಬಿಗಿ ತುಂಬಿದ್ರ ಕ್ಯಾಮೆರಾ ಕೂಡಲ್ಲ, ಉರುಳ್ತದ. ಜೋಳನ ಮೊದಲು ಪ್ಲಾಸ್ಟಿಕ್ ಚೀಲದಾಗ ಕಟ್ಟು. ಇಲ್ಲಾಂದ್ರ ಕಾಸ್‌ನ ಮಳ್ಯಾಗ ನೆನೆದು ಎರಡನೇ ದಿನಕ್ಕ ಮೊಳಕಿ ಒಡಿತದ.

ಗಾಳಿ. ಸೂರ್ಯ ಹುಟ್ಟೋ ಹೊತ್ತಿಗೆ ನೆಲ ತಣ್ಣಗ, ಗಾಳಿ ಮಲಗಿರ್ತದ. ನೆಲ ಕಾದಂಗ ಏಳ್ತದ. ನಾಕು ಫೋಟೋ ಕೂಡಿಸೋ ಕೆಲಸ ಬಿಸಿಲು ಏರೂದ್ರೊಳಗ ಮುಗಿಸು. ಅದಾದ ಮ್ಯಾಲ ಒಂದೇ ಫೋಟೋದ ಕೆಲಸ: 1/500 ಸೆಕೆಂಡ್, ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಚುರುಕು) 800ರಿಂದ 1600, ಒಮ್ಮೆಗೇ ಹತ್ತು ಹದಿನೈದು ಹೊಡಿ. ಹೂ ತೂಗೋದನ್ನ ಸುಮ್ಮನ ನೋಡು. ತೊಟ್ಟಿಲು ಹೆಂಗ ಎರಡೂ ತುದಿಗೆ ಒಂದು ಕ್ಷಣ ನಿಂತು ತಿರುಗ್ತದೋ ಹಂಗೇ ಅದು. ಗುಂಡಿ ಒತ್ತೋದು ತುದ್ಯಾಗ, ನಡುವ ಬಂದಾಗ ಅಲ್ಲ. ಸೈಕಲ್ಲಿನ ಕಡ್ಡಿ ನೆಲಕ್ಕ ಚುಚ್ಚಿ, ಅದಕ್ಕ ಬಟ್ಟಿ ಒಣಗಿಸೋ ಕ್ಲಿಪ್ ಕಟ್ಟಿ ದೇಟು ಹಿಡಿಸಬಹುದು. ಕ್ಲಿಪ್ಪಿನ ಬಾಯಿಗೆ ಸ್ಪಂಜು ಇರಲಿ, ಇಲ್ಲಾಂದ್ರ ದೇಟು ಜಜ್ಜಿ ಹೂ ಅಲ್ಲೇ ಬಾಡ್ತದ. ಕಾಸ್‌ದಾಗ ಈ ಆಟ ಬ್ಯಾಡ, ಅಲ್ಲಿ ಹೂ ಮುಟ್ಟೋ ಹಂಗಿಲ್ಲ.

ಗೌರಿ ಹೂವಿನ ಮ್ಯಾಲ ಒಂದು ದಿನ ಇಡೀ ಹಾಕು. ಗಣಪತಿ ಹಬ್ಬದ ಸುಮಾರಿಗೆ ಬೇಲಿ ತುಂಬ ಇರ್ತದ. ಮಾರಿ ಕೆಳಗ ಮಾಡಿ ಜೋತಾಡ್ತದ, ಎಸಳು ಆರೂ ಹಿಂದಕ್ಕ ಮಡಚಿ ಮ್ಯಾಲ ಉರಿ ಎದ್ದಂಗ ನಿಲ್ತಾವ, ಆರು ಕೇಸರ ಚಕ್ರದ ಕಡ್ಡಿ ಹಂಗ ಅಡ್ಡ ಚಾಚಿರ್ತಾವ. ಮಂದಿ ಮ್ಯಾಲಿಂದ ತೆಗೆದು ಕೇಸರನೇ ಕಳಿತಾರ. ನೆಲಕ್ಕ ಕುಂತು, ಕೇಸರದ ಮಟ್ಟಕ್ಕ ಕ್ಯಾಮೆರಾ ತಂದು, ಎಫ್/8ರಾಗ ನಿನ್ನ ಕಡಿಗಿರೋ ಕೇಸರದ ತುದಿಗೆ ಫೋಕಸ್ ಹಿಡಿ. ಎಳೇ ಹೂ ಹಸಿರು ಹಳದಿ, ಆಮ್ಯಾಲ ತುದಿ ಕೆಂಪು ಬುಡ ಹಳದಿ, ಮುದಿ ಆದ್ರ ಪೂರಾ ಕೆಂಪು. ನಡುವಿನ ಹಂತದ್ದೇ ಆರಿಸು. ಕೆಂಪು ಬಣ್ಣ ಕ್ಯಾಮೆರಾಕ್ಕ ಲಗೂ ತುಂಬಿ ಎಸಳಿನ ಗೆರಿ ಅಳಿಸಿ ಹೋಗ್ತದ, ಎಕ್ಸ್‌ಪೋಶರ್ (ಒಳಗ ಬಿಡೋ ಬೆಳಕು) ಒಂದು ಸ್ಟಾಪಿನ ಮೂರು ಪಾಲಿನಾಗ ಎರಡು ಪಾಲು (-0.7) ಇಳಿಸು. ಹಿಸ್ಟೋಗ್ರಾಮ್ (ಕ್ಯಾಮೆರಾ ತೋರಿಸೋ ಬೆಳಕಿನ ನಕ್ಷೆ) ನೋಡೂವಾಗ ಕೆಂಪಿನ ಗೆರಿ ಬ್ಯಾರೆ ನೋಡು, ಒಟ್ಟು ಗೆರಿ ಮೋಸ ಮಾಡ್ತದ. ಗಿಡ ಪೂರಾ ವಿಷ, ಗಡ್ಡಿ ಅಂತೂ ಭಾಳ. ಕೈ ತೊಳೆದ ಮ್ಯಾಲೇ ಬುತ್ತಿ ಬಿಚ್ಚು.

ವಿಷ್ಣುಕ್ರಾಂತಿ, ಕನ್ನೆ ಸೊಪ್ಪಿನ ನೀಲಿ ಹೂ ಮುಂಜಾನಿ ಮಂದಿ. ಊಟ ಮಾಡಿಕೊಂಡು ಹೊಂಟ್ರ ಮುದುಡಿದ್ದೇ ಸಿಗ್ತದ. ಬಿಳಿ ತುಂಬಿ ಹೂವಿಗೆ ಇನ್ನೊಂದು ಕಾಟ: ಕೆಂಪುಕಲ್ಲಿಗೆ ಬಡಿದು ಬಂದ ಬೆಳಕು ಅದನ್ನ ಗುಲಾಬಿ ಮಾಡ್ತದ. ಹೂವಿನ ಬಾಜೂಕ ಬೂದು ಕಾರ್ಡ್ ಇಟ್ಟು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣೋ ಹಂಗ ಬಣ್ಣ ಸರಿ ಮಾಡೋದು) ಮಾಡ್ಕೋ. ಬಿಸಿಲು ಜೋರಿದ್ರ ಬಿಳಿ ಧೋತರದ ತುಂಡು ಅಡ್ಡ ಹಿಡಿ.

ಇನ್ನ ಸಮುದ್ರ. ಮರಳಿನ ಮ್ಯಾಲ ಹಬ್ಬೋ, ಆಡಿನ ಗೊರಸಿನಂಥ ಎಲಿಯ ಬಳ್ಳಿಯ ನೇರಳೆ ಹೂವೂ ಮುಂಜಾನೀದೇ. ಅಲ್ಲಿ ಕ್ಯಾಮೆರಾ ಕೆಡಸೋದು ಉಪ್ಪು. ಲೆನ್ಸಿನ ಮ್ಯಾಲ ಸಿಡಿದ ಹನಿ ಒಣ ಬಟ್ಟಿಲೆ ತಿಕ್ಕಿದ್ರ ಉಪ್ಪಿನ ಕಾಳು ಗೀರು ಹಾಕ್ತದ. ಮುಂದೊಂದು ಅಗ್ಗದ ಫಿಲ್ಟರ್ ಹಾಕು, ಅದನ್ನ ಸಿಹಿನೀರಿಲೆ ಒದ್ದಿ ಮಾಡಿ ಆಮ್ಯಾಲ ಒರಸು. ಎಸಿ ರೂಮಿನಿಂದ ಹೊರಗ ತಂದ ಕೂಡಲೇ ಗಾಜಿಗೆ ಮಂಜು ಕೂಡ್ತದ, ಚೀಲದಾಗೇ ಅರ್ಧ ತಾಸು ಬಿಡು. ಟ್ರೈಪಾಡ್ ಒಯ್ದಿದ್ರ ಸಂಜಿಕ ಕಾಲು ಸಿಹಿನೀರಿಲೆ ತೊಳಿ. ನಮ್ಮ ಎರಿ ಮಣ್ಣು ಮೆತ್ತಿದಾಗೂ ಇದೇ ಮಾತು, ಒಣಗಿದ್ರ ಕಾಲು ಒಳಗ ಸರಿಯಲ್ಲ.

ಕಾಸ್‌ಗೆ ಟಿಕೆಟ್ ಮೊದಲೇ ಮಾಡಿಸು, ಶನಿವಾರ ರವಿವಾರ ಬ್ಯಾಡ. ನಮ್ಮ ಕಲಬುರಗಿ ಜಿಲ್ಲಾದ ಚಿಂಚೋಳಿ ಅಭಯಾರಣ್ಯದೊಳಗ ಹೋಗೋದಾದ್ರ ಅರಣ್ಯ ಇಲಾಖೆ ಪರವಾನಗಿ ಬೇಕು. ಬೀದರ ಕೋಟಿಯೊಳಗ ಟ್ರೈಪಾಡ್‌ಗೂ ತಕರಾರು ಬರ್ತದ, ಜೋಳದ ಚೀಲಕ್ಕ ಯಾರೂ ಏನೂ ಅನ್ನಲ್ಲ. ಸೂರ್ಯ ಹುಟ್ಟೋದ್ರೊಳಗ ಬಯಲಿನಾಗ ಇರಬೇಕಂದ್ರ ಹಿಂದಿನ ದಿನ ಸಂಜಿ ಬಸ್ಸಿಗೆ ಹೋಗಿ ಬೀದರದಾಗೇ ವಸ್ತಿ ಮಾಡು.

ನಿನ್ನ ದೋಸ್ತ,
ಕಲಬುರಗಿ