ಹಲ್ಲಿರುವ ಮಿಂಚುಳ್ಳಿ

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮಲಯ (ಈಗಿನ ಮಲೇಷ್ಯಾ) ನಾಡಿನ ಕಠಾರಿಗಳ ಬಗ್ಗೆ ಬಂದ ಲೇಖನ ಓದಿದೆ. ಚಿತ್ರ ಚೆನ್ನಾಗಿತ್ತು. ಅದರ ಕೆಳಗೆ ‘ಮಿಂಚುಳ್ಳಿಯ ಆಕಾರದ ಹಿಡಿ, ಬರೀ ಅಲಂಕಾರಕ್ಕೆ’ ಎಂದು ಬರೆದಿದ್ದಿರಿ. ಅಂಥದೇ ಒಂದು ಕಠಾರಿ ಕೊಡಗಿನ ನಾಪೋಕ್ಲಿನ ನಮ್ಮ ಮನೆಯಲ್ಲಿದೆ. ಅದಕ್ಕೇ ಈ ಪತ್ರ.

ನನ್ನ ದೊಡ್ಡಪ್ಪ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದರು. ಜಪಾನಿನವರು ಶರಣಾದ ಮೇಲೆ, 1945ರಲ್ಲಿ, ಅವರ ತುಕಡಿ ಮಲಯಕ್ಕೆ ಹೋಯಿತು. ಮರುವರ್ಷ ಊರಿಗೆ ಬಂದಾಗ ಟ್ರಂಕಿನ ತಳದಲ್ಲಿ, ಹಳೇ ಬನಿಯನ್ನಿನಲ್ಲಿ ಸುತ್ತಿ ಇದನ್ನು ತಂದಿದ್ದರು. ಅಲ್ಲಿನ ಕೆಲಂತಾನಿನಲ್ಲಿ ಒಬ್ಬ ಮುದುಕ ಪ್ರೀತಿಯಿಂದ ಕೊಟ್ಟ ಎನ್ನುತ್ತಿದ್ದರು. ಒಮ್ಮೊಮ್ಮೆ ಅದು ಎರಡು ಡಬ್ಬಿ ಹಾಲಿನ ಪುಡಿಗೆ ಬದಲಾಗಿ ಬಂದದ್ದೂ ಆಗುತ್ತಿತ್ತು. ಕೇಳುವವರು ಯಾರು ಎನ್ನುವುದರ ಮೇಲೆ ಕತೆ ನಿಲ್ಲುತ್ತಿತ್ತು.

ಮನೆಯಲ್ಲಿ ನಾವೆಲ್ಲ ಅದನ್ನು ಹಕ್ಕಿ ಕತ್ತಿ ಎಂದೇ ಕರೆಯುತ್ತಿದ್ದೆವು. ಉದ್ದ ಕೊಕ್ಕು ಮುಂದಕ್ಕೆ ಚಾಚಿದ ತಲೆ, ಮತ್ತೇನು ಕರೆಯುವುದು? ಮಲಯದವರೂ ಅದನ್ನು ‘ಪೆಕಾಕ’ ಎನ್ನುತ್ತಾರೆ. ಅವರ ಮಾತಿನಲ್ಲಿ ಅದು ಮಿಂಚುಳ್ಳಿ. ಹಾಗಾಗಿ ನಿಮ್ಮ ಲೇಖಕರದು ಪೂರ್ತಿ ತಪ್ಪು ಎನ್ನಲಾರೆ.

ನಾನು ಮೂವತ್ತು ವರ್ಷ ಚಿತ್ರಕಲೆ ಪಾಠ ಮಾಡಿದವಳು. ಒಂದು ಮಳೆಗಾಲ, ಕರೆಂಟಿಲ್ಲದ ಮಧ್ಯಾಹ್ನ, ಹೊತ್ತು ಹೋಗಲೆಂದು ಸುಮ್ನೆ ಆ ಹಿಡಿಯನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು ಪೆನ್ಸಿಲ್ಲಿನಲ್ಲಿ ಬರೆಯತೊಡಗಿದೆ. ಕೊಕ್ಕು ಮುಗಿಸಿ ಕೆಳಗೆ ಬಂದೆ. ಅಲ್ಲಿ ಬಾಯಿತ್ತು. ಬಾಯೊಳಗೆ ಸಾಲಾಗಿ ಹಲ್ಲು, ಎರಡು ಬದಿಗೂ ಕೋರೆ. ಮೇಲೆ ಉಬ್ಬಿದ ಕಣ್ಣು, ಕಿರೀಟದ ಹಾಗೆ ಏನೋ. ಗಲ್ಲದ ಕೆಳಗಿಂದ ಹಿಡಿಯ ಬುಡದವರೆಗೂ ಎಲೆಬಳ್ಳಿ. ಹಲ್ಲಿರುವ ಮಿಂಚುಳ್ಳಿಯನ್ನು ಕಾವೇರಿ ದಡದಲ್ಲಂತೂ ನಾನು ನೋಡಿಲ್ಲ.

ಆಮೇಲೆ ಹುಡುಕಿ ಓದಿದೆ. ಇದರ ಇನ್ನೊಂದು ಹೆಸರು ‘ತಾಜೊಂಗ್’. ಮಲಯದ ಪೂರ್ವ ಕರಾವಳಿಯ ಪಟ್ಟಾನಿ, ಕೆಲಂತಾನ್, ತೆರೆಂಗಾನು ಕಡೆಯದು. ನಾವು ಕೊಕ್ಕು ಎನ್ನುವುದು ಮೂಗು. ಮುಖ ರಾಕ್ಷಸನದು, ತೊಗಲುಗೊಂಬೆಯಾಟದ ಪಾತ್ರಗಳ ಜಾತಿಯದು ಎಂದು ತಿಳಿದವರು ಹೇಳುತ್ತಾರೆ. ಆ ನಾಡು ಇಸ್ಲಾಮಿಗೆ ಬಂದ ಮೇಲೆ ಜೀವದ ರೂಪ ಕೆತ್ತಲು ಹಿಂಜರಿಕೆ ಬಂತು, ಹಳೇ ಮುಖಗಳು ಬಳ್ಳಿಯೊಳಗೆ ಸೇರಿಕೊಂಡವು ಎನ್ನುತ್ತಾರೆ. ‘ಜಾವಾ ದೆಮಾಮ್’ ಎಂಬ ಹಿಡಿಯದೂ ಇದೇ ಕತೆ. ದೂರದಿಂದ ಹಕ್ಕಿಯ ತಲೆ. ಹೆಸರಿನ ಅರ್ಥ ಮಾತ್ರ ‘ಜ್ವರ ಬಂದ ಜಾವಾದವನು’. ಚಳಿಗೆ ಹೊಟ್ಟೆ ಮೇಲೆ ಕೈಕಟ್ಟಿ ಮುದುಡಿ ಕೂತವನ ಹಾಗೆ ಕಾಣುತ್ತದೆ. ಹೆಸರಿಟ್ಟವನು ಭಾರೀ ತಮಾಷೆಯವನು ಇರಬೇಕು.

ನಿಜಕ್ಕೂ ಪ್ರಾಣಿ ಪಕ್ಷಿಗಳ ರೂಪದ ಹಿಡಿಗಳೂ ಇವೆ. ಬಾಲಿಯಲ್ಲಿ ಸಿಂಹ, ಗರುಡ. ಫಿಲಿಪ್ಪೀನ್ಸಿನ ಸುಲು ದ್ವೀಪಗಳ ಕತ್ತಿಗಳಲ್ಲಿ ಜುಟ್ಟಿರುವ ಕಾಕಾತುವಾ ಗಿಳಿ. ಅದನ್ನು ನೋಡಿದ ಕೂಡಲೇ ನನಗೆ ಕೊಡವರು ಸೊಂಟಕ್ಕೆ ಸಿಕ್ಕಿಸುವ ನಮ್ಮ ಪೀಚೆಕತ್ತಿ ನೆನಪಾಯಿತು. ನಮ್ಮ ಮನೆಯದರ ಹಿಡಿಯೂ ಗಿಳಿಯ ತಲೆಯೇ, ಬೆಳ್ಳಿಯದು, ಕಣ್ಣಿಗೆ ಕೆಂಪು ಕಲ್ಲು. ಮದುವೆಯ ದಿನ ಚೇಲೆಯಲ್ಲಿ (ಸೊಂಟದ ಪಟ್ಟಿಯಲ್ಲಿ) ಸಿಕ್ಕಿಸಿಕೊಂಡವನನ್ನು ಹೋಗಿ ‘ಇದು ಬರೀ ಅಲಂಕಾರಕ್ಕೆ ಅಲ್ವಾ?’ ಎಂದು ಕೇಳಿ ನೋಡಿ!

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವೂ ಇದೆ. ಹೋದ ವರ್ಷ ಕೈಲ್‌ಪೊಳ್ದ್‌ಗೆ, ಅಂದರೆ ಸೆಪ್ಟೆಂಬರಿನ ನಮ್ಮ ಆಯುಧ ಪೂಜೆಯ ಹಬ್ಬಕ್ಕೆ, ಒಂದು ವಾರ ಮೊದಲು ನನ್ನ ಅಣ್ಣನ ಮಗ ಕೋವಿ, ಒಡಿಕತ್ತಿ (ಬಾಗಿದ ಅಗಲ ಕತ್ತಿ)ಗಳ ಜೊತೆ ಇದನ್ನೂ ಪೇಟೆಯ ಒಂದು ಪಾಲಿಶ್ ಅಂಗಡಿಗೆ ಕೊಟ್ಟ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ. ವಾಪಸ್ಸು ಬಂದದ್ದು ಸ್ಟೀಲ್ ಚಮಚ. ಅಲಗಿನ ಮೇಲೆ ನೀರಿನ ಅಲೆಯ ಹಾಗೆ ಗೆರೆಗಳಿದ್ದವು, ‘ಪಾಮೋರ್’ ಎನ್ನುತ್ತಾರೆ. ಬೇರೆ ಬೇರೆ ಕಬ್ಬಿಣವನ್ನು, ಕೆಲವು ಸಲ ನಿಕಲ್ ಸೇರಿದ್ದನ್ನು, ಪದರ ಪದರವಾಗಿ ಬಡಿದು ಬರಿಸುವ ಗೆರೆ ಅದು. ಜಾವಾದಲ್ಲಿ ಅದನ್ನು ನಿಂಬೆರಸ, ಪಾಷಾಣ ಹಾಕಿ ಎದ್ದು ಕಾಣುವಂತೆ ಮಾಡುತ್ತಾರೆ. ಯಂತ್ರಕ್ಕೆ ಹಿಡಿದು ಉಜ್ಜಿದ್ದರಿಂದ ಈಗ ಏನೂ ಕಾಣುವುದಿಲ್ಲ. ಹಿಡಿ ಕೆಮುನಿಂಗ್ ಮರದ್ದು, ನಮ್ಮ ಕರಿಬೇವಿನ ನೆಂಟ. ಜೇನಿನ ಬಣ್ಣವಿತ್ತು. ಅದಕ್ಕೆ ದಪ್ಪಗೆ ವಾರ್ನಿಷ್ ಬಳಿದು ಹಲ್ಲಿನ ಸಂದನ್ನೆಲ್ಲ ಮುಚ್ಚಿದ್ದಾರೆ.

ಅದಕ್ಕಿಂತ ಜಾಸ್ತಿ ಸಂಕಟ ಆಗಿದ್ದು ಅಂಟಿನಿಂದ. ಆ ಹಿಡಿ ಸ್ವಲ್ಪ ಅಲ್ಲಾಡುತ್ತಿತ್ತು. ಅಲಗಿನ ಬಾಲಕ್ಕೆ ಬಟ್ಟೆ ಸುತ್ತಿ ಒತ್ತಿ ಕೂರಿಸಿದ್ದರು, ಬೇಕಾದಾಗ ಬಿಚ್ಚಬಹುದಿತ್ತು. ಅಂಗಡಿಯವರು ಬಟ್ಟೆ ಕಿತ್ತು, ಅಂಟು ಸುರಿದು, ಹಿಡಿಯನ್ನು ತಿರುಗಿಸಿ ಕೂರಿಸಿದ್ದಾರೆ. ನಾನು ಬರೆದ ಚಿತ್ರ ಪಕ್ಕದಲ್ಲಿಟ್ಟು ನೋಡಿದೆ. ಮೂಗು ಈಗ ಹಿಂದುಮುಂದು.

ಯುದ್ಧಕ್ಕೆ ಹೋದವರು ಇಲ್ಲದ ಮನೆ ಕೊಡಗಿನಲ್ಲಿ ಕಡಿಮೆ. ಇಂಥ ಕಠಾರಿ ಇನ್ನೂ ಕೆಲವರ ಅಟ್ಟದಲ್ಲಿ ಇರಬಹುದು. ಸೆಪ್ಟೆಂಬರ್ ಹತ್ತಿರ ಬಂತು. ಪೂಜೆಗೆ ಇಡಿ, ತೋಕ್ ಪೂ (ಕೋವಿಗೆ ಮುಡಿಸುವ ಹೂವು) ಮುಡಿಸಿ, ಒಣ ಬಟ್ಟೆಯಲ್ಲಿ ಒರೆಸಿ, ಅಲಗಿಗೆ ಒಂದು ಹನಿ ಎಣ್ಣೆ ಸವರಿ. ಪಾಲಿಶ್‌ಗೆ ಕೊಡಬೇಡಿ. ಮರಕ್ಕೆ ಪೆಟ್ಟಾಗದಂತೆ ಅಂಟು ಬಿಡಿಸಬಲ್ಲವರು ಯಾರಾದರೂ ನಿಮ್ಮ ಓದುಗರಲ್ಲಿ ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಲಿ.

— ನಿವೃತ್ತ ಚಿತ್ರಕಲಾ ಶಿಕ್ಷಕಿ, ನಾಪೋಕ್ಲು