ಗಂಟೆ ಎಣಿಸಿದರೆ ಗೇಮಿಂಗ್ ಚಟ ಗೊತ್ತಾಗುವುದಿಲ್ಲ

ಮಾನ್ಯ ಸಂಪಾದಕರೇ,

ಮಕ್ಕಳ ಮೊಬೈಲ್ ಗೀಳಿನ ಬಗ್ಗೆ ಈ ಅಂಕಣದಲ್ಲಿ ಬರುವ ಪತ್ರಗಳು ಬಹುಮಟ್ಟಿಗೆ ‘ದಿನಕ್ಕೆ ಎಷ್ಟು ಗಂಟೆ ಕೊಡಬಹುದು’ ಎಂಬಲ್ಲಿಗೇ ಬಂದು ನಿಲ್ಲುತ್ತವೆ. ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿರುವ ನನ್ನನ್ನು ಪೋಷಕರು ಮೊದಲು ಕೇಳುವುದೂ ಅದನ್ನೇ. ತೀರ ಚಿಕ್ಕವರ ಮಟ್ಟಿಗೆ ಇದಕ್ಕೆ ನೇರ ಉತ್ತರವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಒಂದು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು. ಆದರೆ ದೊಡ್ಡ ಮಕ್ಕಳ ಮತ್ತು ವಯಸ್ಕರ ವಿಷಯದಲ್ಲಿ ಗಡಿಯಾರ ನೋಡಿ ಕಾಯಿಲೆ ಗುರುತಿಸಲು ಹೊರಟರೆ ದಾರಿ ತಪ್ಪುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆಯಾದರೂ, ಇಷ್ಟು ಗಂಟೆ ಆಡಿದರೆ ರೋಗ ಎಂಬ ಮಿತಿಯನ್ನು ಅಲ್ಲಿ ಹಾಕಿಲ್ಲ. ಆಟ ಶುರುಮಾಡುವುದರ ಮೇಲೂ ನಿಲ್ಲಿಸುವುದರ ಮೇಲೂ ಹಿಡಿತ ತಪ್ಪಿದೆಯೇ, ಉಳಿದ ಆಸಕ್ತಿಗಳನ್ನೂ ದಿನನಿತ್ಯದ ಕೆಲಸಗಳನ್ನೂ ಆಟವೇ ಹಿಂದಕ್ಕೆ ತಳ್ಳುತ್ತಿದೆಯೇ, ಕೆಡುಕಾಗುತ್ತಿದೆಯೆಂದು ಕಣ್ಣಿಗೆ ಕಾಣುತ್ತಿದ್ದರೂ ಆಟ ಮುಂದುವರಿಯುತ್ತಿದೆಯೇ ಎಂಬ ಮೂರು ಅಂಶಗಳನ್ನು ಅದು ನೋಡುತ್ತದೆ. ಇದರಿಂದ ಓದು, ಉದ್ಯೋಗ ಅಥವಾ ಸಂಬಂಧಗಳಿಗೆ ಗಂಭೀರ ಪೆಟ್ಟು ಬಿದ್ದಿರಬೇಕು. ಸಾಮಾನ್ಯವಾಗಿ 12 ತಿಂಗಳಾದರೂ ಹೀಗೇ ನಡೆದಿರಬೇಕು, ಲಕ್ಷಣಗಳು ತೀವ್ರವಾಗಿದ್ದರೆ ಅಷ್ಟು ಕಾಯಬೇಕಿಲ್ಲ. ಅಂದಹಾಗೆ, ‘ಮೊಬೈಲ್ ಚಟ’ ಎಂಬ ಹೆಸರಿನ ಕಾಯಿಲೆ ಆ ಪಟ್ಟಿಯಲ್ಲಿಲ್ಲ. ಆದರೂ ಕೊನೆಯಿಲ್ಲದ ವಿಡಿಯೊಗಳಲ್ಲಿ ಮುಳುಗಿರುವವರಿಗೂ ಇವೇ ಮೂರು ಪ್ರಶ್ನೆ ಕೇಳಬಹುದೆಂಬುದು ನನ್ನ ಅಭಿಪ್ರಾಯ.

ಪರೀಕ್ಷೆ ಮುಗಿಸಿ ರಜೆಯಲ್ಲಿ ಹೊತ್ತುಗೊತ್ತಿಲ್ಲದೆ ಆಡಿ, ಶಾಲೆ ತೆರೆದ ಕೂಡಲೇ ತಾನಾಗಿ ಕಡಿಮೆ ಮಾಡುವ ಹುಡುಗನ ಬಗ್ಗೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಎರಡೇ ಗಂಟೆ ಆಡಿದರೂ ಅದನ್ನು ಎಲ್ಲರೂ ಮಲಗಿದ ಮೇಲೆ ಹೊದಿಕೆಯೊಳಗೆ ಆಡಿ, ಬೆಳಿಗ್ಗೆ ಕೇಳಿದರೆ ಸುಳ್ಳು ಹೇಳಿ, ಮೊದಲು ಪ್ರೀತಿಯಿಂದ ಹೋಗುತ್ತಿದ್ದ ಕ್ರಿಕೆಟ್ಟನ್ನೂ ಗೆಳೆಯರನ್ನೂ ಬಿಟ್ಟಿರುವ ಹುಡುಗಿಯ ಬಗ್ಗೆ ವಿಚಾರಿಸಲೇಬೇಕು. ಎಲ್ಲಕ್ಕಿಂತ ಮೊದಲು ಕೆಡುವುದು ನಿದ್ದೆ; ಅಂಕಗಳು ಇಳಿಯುವುದು ಆಮೇಲೆ. ಫೋನು ಕಿತ್ತುಕೊಂಡಾಗ ಸಿಟ್ಟು ಬಂತೆಂಬುದೊಂದೇ ಚಟಕ್ಕೆ ಸಾಕ್ಷಿಯಲ್ಲ. ತಂಡವಾಗಿ ಆಡುವ ಆಟದಲ್ಲಿ ನಡುವೆ ಎದ್ದು ಹೋದವನ ಅಂಕ ಕಳೆಯುತ್ತದೆ, ಜೊತೆಗಾರರೂ ಸೋತು ಬೈಯುತ್ತಾರೆ. ‘ಈಗಲೇ ಆಫ್ ಮಾಡು’ ಎನ್ನುವ ಬದಲು ‘ಈ ಪಂದ್ಯ ಮುಗಿದ ಮೇಲೆ ಏಳು’ ಎಂದರೆ ಅರ್ಧ ಜಗಳ ಅಲ್ಲಿಗೇ ತಪ್ಪುತ್ತದೆ. ಹಾಗೆ ಹೇಳಿದ ಮೇಲೂ ದಿನದಿನವೂ ಏಳಲಾಗದಿದ್ದರೆ ಆಗ ಯೋಚಿಸಬೇಕು.

ಚಿಕಿತ್ಸೆಯೆಂದರೆ ಫೋನು ಬೀರುವಿನಲ್ಲಿಟ್ಟು ಬೀಗ ಹಾಕುವುದೆಂದು ತಿಳಿದವರು ಬಹಳ ಮಂದಿ. ದಕ್ಷಿಣ ಕೊರಿಯಾ ಕಾನೂನಿನಿಂದಲೇ ಇದನ್ನು ಮಾಡಿ ನೋಡಿತು. 16 ವರ್ಷದೊಳಗಿನವರು ನಡುರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಆಟ ಆಡಬಾರದೆಂಬ ನಿಯಮವನ್ನು 2011ರಲ್ಲಿ ತಂದ ಅಲ್ಲಿನ ಸರ್ಕಾರ, ಹತ್ತು ವರ್ಷದ ಬಳಿಕ ಅದನ್ನು ಕೈಬಿಡಲು ನಿರ್ಧರಿಸಿತು. ಆಟದಿಂದ ಮಗುವಿಗೆ ಏನು ಸಿಗುತ್ತಿದೆ ಎಂದು ಕೇಳದೆ ಚಿಕಿತ್ಸೆ ಮುಂದೆ ಸಾಗುವುದಿಲ್ಲ. ತರಗತಿಯಲ್ಲಿ ದಡ್ಡ ಎನಿಸಿಕೊಂಡವನು ಆಟದಲ್ಲಿ ನಾಯಕನಾಗಿರುತ್ತಾನೆ. ಸಹಪಾಠಿಗಳ ಕೀಟಲೆಗೆ ನೊಂದವಳಿಗೆ ಮುಖ ಕಾಣದ ಗೆಳತಿಯರು ಅಲ್ಲಿ ಸಿಕ್ಕಿರುತ್ತಾರೆ. ಖಿನ್ನತೆ, ಆತಂಕ, ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿಚಟುವಟಿಕೆಯ ತೊಂದರೆ) ಇವು ಅತಿಯಾದ ಆಟದ ಜೊತೆಗೆ ಮತ್ತೆ ಮತ್ತೆ ಕಾಣಸಿಗುವುದರಿಂದ ಅವುಗಳಿಗಾಗಿ ತಪಾಸಣೆ ಆಗಲೇಬೇಕು. ಗೇಮಿಂಗ್ ಚಟಕ್ಕೆಂದೇ ಸಿದ್ಧವಾದ ಮಾತ್ರೆಯಿಲ್ಲ. ಔಷಧ ಕೊಟ್ಟರೆ ಅದು ಇಂಥ ಜೊತೆಗಾರ ಕಾಯಿಲೆಗಳಿಗೆ.

ಸದ್ಯ ಹೆಚ್ಚು ಆಧಾರವಿರುವುದು ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೆ. ಯಾವ ಹೊತ್ತಿನಲ್ಲಿ, ಯಾವ ಬೇಸರ ಬಂದಾಗ ಕೈ ಫೋನಿನ ಕಡೆ ಹೋಗುತ್ತದೆ ಎಂಬುದನ್ನು ಮಗುವೇ ಬರೆದಿಡುವುದರಿಂದ ಅದು ಆರಂಭವಾಗುತ್ತದೆ. ‘ಇನ್ನೊಂದು ಸುತ್ತು ಮಾತ್ರ’ ಎಂಬ ಯೋಚನೆ ಬಂದಾಗ ಅದನ್ನು ಗುರುತಿಸಿ ತಡೆಯುವುದನ್ನು ಕಲಿಸಿ, ಬಿಡುವಾದ ಸಮಯಕ್ಕೆ ಬೇರೆ ಚಟುವಟಿಕೆಯನ್ನು ಮೊದಲೇ ಗೊತ್ತುಮಾಡುತ್ತಾರೆ. ಈ ಕೊನೆಯದನ್ನು ಮನೆಗಳಲ್ಲಿ ಮರೆಯುವುದೇ ಹೆಚ್ಚು; ಖಾಲಿ ಬಿಟ್ಟ ಸಂಜೆಗೆ ಆಟವೇ ಮರಳಿ ಬರುತ್ತದೆ. ಪಾಠವೂ ಅದೇ ಪರದೆಯ ಮೇಲೆ ನಡೆಯುವ ಈ ಕಾಲದಲ್ಲಿ ಪೂರ್ತಿ ಬಿಡಿಸುವ ಗುರಿ ಕೈಗೂಡುವಂಥದ್ದಲ್ಲ. ರಾತ್ರಿ ಎಲ್ಲರ ಫೋನುಗಳೂ, ಅಪ್ಪ ಅಮ್ಮನದೂ ಸೇರಿ, ಮಲಗುವ ಕೋಣೆಯಿಂದ ಹೊರಗಿರಲಿ ಎಂಬ ನಿಯಮದಿಂದ ಆರಂಭಿಸುವುದು ಲೇಸು.

ಮಗು ಶಾಲೆಗೆ ಹೋಗುವುದನ್ನೇ ನಿಲ್ಲಿಸಿದರೆ, ಆಟಕ್ಕಾಗಿ ಹಣ ಕದ್ದರೆ, ಹೊಡೆದಾಟಕ್ಕೆ ಇಳಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಮನೋವೈದ್ಯರನ್ನು ಕಾಣಬೇಕು. ಫೋನು ಕೊಡದಿದ್ದರೆ ಸಾಯುತ್ತೇನೆ ಎಂದು ಮಗು ಹೇಳಿದರೆ ಅದನ್ನು ಬರಿಯ ಬೆದರಿಕೆಯೆಂದು ತಳ್ಳಿಹಾಕದೆ, ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇಂತಿ ತಮ್ಮ ವಿಶ್ವಾಸಿ,
ಶಾಲಾ ಆಪ್ತಸಮಾಲೋಚಕಿ