ಮಗಳಿಗೊಂದು ಪತ್ರ: ವಿಯೆಟ್ನಾಮಿನಲ್ಲಿ ಅಲ್ಲಿನದನ್ನೇ ಉಣ್ಣು

ಪ್ರೀತಿಯ ಪುಟ್ಟಿ,

ವಿಯೆಟ್ನಾಂ ಪ್ರವಾಸ ಗಟ್ಟಿಯಾಯಿತು ಅಂತ ಕೇಳಿ ತುಂಬಾ ಖುಷಿಯಾಯಿತು. ಚಟ್ನಿಪುಡಿ, ಹುರಿದ ಅವಲಕ್ಕಿ ಕಟ್ಟಿಕೊಡು ಎಂದು ಅಪ್ಪ ಹೇಳುತ್ತಲೇ ಇದ್ದಾರೆ. ನಾನು ಬೇಡ ಎಂದಿದ್ದೇನೆ. ಅಷ್ಟು ದೂರ ಹೋಗಿ ಮನೆಯ ಡಬ್ಬಿ ಬಿಚ್ಚಿ ಕೂತರೆ ಆ ನೆಲದಲ್ಲಿ ಬೆಳೆದದ್ದು ನಾಲಿಗೆಗೆ ತಾಗುವುದು ಯಾವಾಗ? ಹಿಂದೆ ನಾನು, ಅಪ್ಪ ಅಲ್ಲಿಗೆ ಹೋದಾಗ ಕರೆದೊಯ್ದ ಟೂರಿನವರು ದಿನಾ ರಾತ್ರಿ ಪನೀರ್, ನಾನ್ ಹಾಕಿಸುತ್ತಿದ್ದರು. ಬೆಳಗಿನ ಹೊತ್ತು ಗಲ್ಲಿಗಳಲ್ಲಿ ಅಡ್ಡಾಡಿ ತಿಂದದ್ದೇ ನನಗೆ ಇವತ್ತಿಗೂ ನೆನಪಿರುವುದು.

ಹನೋಯ್‌ನಲ್ಲಿ ಬೇಗ ಏಳು. ಹೋಟೆಲಿನ ಬಫೆ ಬಿಟ್ಟು ಬೀದಿಗಿಳಿ. ಫುಟ್‌ಪಾತ್ ಮೇಲೆ ಪುಟ್ಟ ಪ್ಲಾಸ್ಟಿಕ್ ಸ್ಟೂಲುಗಳು, ಪಕ್ಕದಲ್ಲಿ ಕುದಿಯುವ ದೊಡ್ಡ ಪಾತ್ರೆ ಕಂಡರೆ ಅಲ್ಲಿ ‘ಫೋ’ ಇರುತ್ತದೆ. ಮೂಳೆಯನ್ನು ಗಂಟೆಗಟ್ಟಲೆ ಬೇಯಿಸಿದ ತಿಳಿ ಸಾರು. ಚಕ್ಕೆ, ಅನಾನಸ್ ಹೂವು, ಸುಟ್ಟ ಶುಂಠಿ, ಸುಟ್ಟ ಈರುಳ್ಳಿಯ ಘಮ. ಒಳಗೆ ಅಕ್ಕಿಯ ಅಗಲ ನೂಡಲ್ಸ್. ನಾವು ದನದ ಮಾಂಸ ತಿನ್ನುವುದಿಲ್ಲವಲ್ಲ, ನೀನು ‘ಫೋ ಗಾ’ ಎಂದು ಕೇಳು, ಕೋಳಿಯದು ಕೊಡುತ್ತಾರೆ. ಬಂದ ತಕ್ಷಣ ಮೆಣಸಿನಕಾಯಿ ಸುರಿದುಕೊಳ್ಳಬೇಡ. ಮೊದಲು ಬರೀ ಸಾರು ಕುಡಿ. ನಮ್ಮ ನಾಲಿಗೆಗೆ ಸಪ್ಪೆ ಅನ್ನಿಸುತ್ತದೆ, ಆದರೂ ಕುಡಿ. ಎರಡನೇ ದಿನಕ್ಕೆ ಅದರ ರುಚಿ ಹಿಡಿಯುತ್ತದೆ. ಹೋ ಚಿ ಮಿನ್ ಸಿಟಿಗೆ ಹೋದರೆ ಇದೇ ಫೋ ಬೇರೆಯಾಗಿರುತ್ತದೆ. ಅಲ್ಲಿ ಸ್ವಲ್ಪ ಸಿಹಿ ಜಾಸ್ತಿ. ಜೊತೆಗೆ ಒಂದು ತಟ್ಟೆ ತುಂಬ ಹಸಿ ಸೊಪ್ಪು, ಮೊಳಕೆಕಾಳು ಇಡುತ್ತಾರೆ. ಎಲೆಗಳನ್ನು ಕೈಯಲ್ಲೇ ಹರಿದು ಬಟ್ಟಲಿಗೆ ಹಾಕಿಕೊಳ್ಳಬೇಕು.

ಮಧ್ಯಾಹ್ನ ಹನೋಯ್‌ನಲ್ಲೇ ಇದ್ದರೆ ‘ಬೂನ್ ಚಾ’ ತಿನ್ನು. ಕೆಂಡದ ಮೇಲೆ ಸುಟ್ಟ ಹಂದಿ ಮಾಂಸವನ್ನು ಹುಳಿಸಿಹಿ ನೀರಿನಲ್ಲಿ ಮುಳುಗಿಸಿ ಕೊಡುತ್ತಾರೆ, ಜೊತೆಗೆ ಬಿಳಿ ಬೂನ್. ಅದು ನಮ್ಮ ಒತ್ತು ಶಾವಿಗೆಯ ತಂಗಿಯೇ ಸರಿ. 2016ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಕೂಡ ಹನೋಯ್‌ನ ಒಂದು ಸಾದಾ ಅಂಗಡಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಇದನ್ನೇ ತಿಂದಿದ್ದರು.

ನಿನ್ನ ಜೊತೆ ಬರುವ ಗೆಳತಿ ಸಸ್ಯಾಹಾರಿ ಅಲ್ವಾ? ಅವಳ ಬಗ್ಗೆ ಸ್ವಲ್ಪ ಜಾಗ್ರತೆ ಬೇಕು. ಸೊಪ್ಪಿನ ಪಲ್ಯ ಎಂದು ತಂದರೂ ಅದರಲ್ಲಿ ‘ನೂಕ್ ಮಾಮ್’ ಇರಬಹುದು. ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ತೆಗೆದ ರಸ ಅದು. ಅವರ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಬಹುಪಾಲು ಅದೇ ಮಾಡುತ್ತದೆ. ಅವಳಿಗೆ ‘ಚಾಯ್’ ಎಂದು ಬೋರ್ಡು ಇರುವ ಅಂಗಡಿ ಹುಡುಕು. ಚಾಯ್ ಎಂದರೆ ಟೀ ಅಲ್ಲ, ಅವರ ಭಾಷೆಯಲ್ಲಿ ಸಸ್ಯಾಹಾರ. ಬೋರ್ಡಿನಲ್ಲಿ ಸಿ, ಎಚ್, ಎ, ವೈ ಎಂಬ ಅಕ್ಷರ ಇರುತ್ತವೆ. ಬೌದ್ಧರು ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಮಾಂಸ ಬಿಡುತ್ತಾರೆ. ಆ ದಿನ ಇಂಥ ಅಂಗಡಿಗಳು ತುಂಬಿರುತ್ತವೆ. ತೋಫು, ಅಣಬೆ, ಹಲಸಿನಕಾಯಿಯಲ್ಲಿ ಎಷ್ಟು ಚೆನ್ನಾಗಿ ಮಾಡುತ್ತಾರೆ ಎಂದರೆ, ನೀನೂ ಅವಳ ಜೊತೆ ಒಂದು ಹೊತ್ತು ಅಲ್ಲೇ ಉಣ್ಣಬೇಕು.

ಇನ್ನು ಕಾಫಿ. ಕಾಫಿ ತೋಟದ ಮಗಳು ನೀನು, ಇದನ್ನು ತಪ್ಪಿಸಿಕೊಳ್ಳಬಾರದು. ನಾವು ಇಲ್ಲಿ ರೊಬಸ್ಟಾವನ್ನು ಅರೇಬಿಕಾಕ್ಕಿಂತ ಕೆಳಗೆ ಇಟ್ಟು ನೋಡುತ್ತೇವೆ. ಜಗತ್ತಿನಲ್ಲೇ ಅತಿ ಹೆಚ್ಚು ರೊಬಸ್ಟಾ ಬೆಳೆಯುವವರು ಅವರು, ಅದನ್ನೇ ಹೆಮ್ಮೆಯಿಂದ ಕುಡಿಯುತ್ತಾರೆ. ‘ಫಿನ್’ ಎಂಬ ಚಿಕ್ಕ ಫಿಲ್ಟರನ್ನು ಲೋಟದ ಮೇಲೇ ಕೂರಿಸಿಬಿಡುತ್ತಾರೆ. ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಗಟ್ಟಿ ಸಿಹಿ ಹಾಲಿನ ಮೇಲೆ ಇಳಿಯುತ್ತದೆ. ಆತುರಪಡಬೇಡ, ಇಳಿಯುವವರೆಗೆ ಕಾಯಬೇಕು. ಹನೋಯ್‌ನ ಹಳೇ ಪೇಟೆಯಲ್ಲಿ ಗಿಯಾಂಗ್ ಕೆಫೆ ಇದೆ. 1946ರಲ್ಲಿ ಹಾಲಿಗೆ ಬರ ಬಂದಾಗ, ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ನುಯೆನ್ ವಾನ್ ಗಿಯಾಂಗ್ ಮೊಟ್ಟೆಯ ಹಳದಿಯನ್ನು ಸಕ್ಕರೆ ಜೊತೆ ಕಡೆದು ಕಾಫಿ ಮೇಲೆ ಹಾಕಿದರಂತೆ. ಅಪ್ಪ ಮೊದಲು ಮುಖ ಸಿಂಡರಿಸಿದರು, ಆಮೇಲೆ ಇನ್ನೊಂದು ಕಪ್ ಕೇಳಿದರು.

ಹೊಟ್ಟೆ ಕೆಡುತ್ತದೆ ಎಂದು ಹೆದರಿ ಬೀದಿ ಅಂಗಡಿ ಬಿಡಬೇಡ. ಜನ ತುಂಬಿರುವ, ಕಣ್ಣೆದುರೇ ಬಿಸಿಯಾಗಿ ಮಾಡಿಕೊಡುವ ಕಡೆ ಕೂರು. ನೀರು ಮಾತ್ರ ಬಾಟಲಿಯದೇ ಇರಲಿ. ರೇಟು ಮೊದಲೇ ಕೇಳಿಕೋ, ಚಿಲ್ಲರೆ ನೋಟು ಇಟ್ಟುಕೋ.

ನಾವು ಹುವೆ ಊರಿಗೆ ಹೋಗಲಿಲ್ಲ, ನೀನು ಹೋಗುತ್ತಿದ್ದೀಯ. ಅಲ್ಲಿ ‘ಬಾನ್ ಬೆಓ’ ಸಿಗುತ್ತದೆ. ಅಕ್ಕಿ ಹಿಟ್ಟನ್ನು ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಹಬೆಯಲ್ಲಿ ಬೇಯಿಸಿ, ಮೇಲೆ ಒಣ ಸೀಗಡಿ ಉದುರಿಸುತ್ತಾರೆ. ಹಿಟ್ಟು ತೆಳ್ಳಗೆ ಕಲಸುತ್ತಾರಾ, ಗಟ್ಟಿಯಾಗಾ? ಎಷ್ಟು ಹೊತ್ತು ಬೇಯಿಸುತ್ತಾರೆ? ಮಾಡುವವರ ಹತ್ತಿರ ನಿಂತು ನೋಡಿ, ಅವರು ಒಪ್ಪಿದರೆ ಒಂದು ವಿಡಿಯೊ ಮಾಡಿ ಕಳಿಸು. ನಾನು ಇಲ್ಲಿ ಮಾಡಿ ನೋಡಬೇಕು.

ನಿನ್ನ
ಅಮ್ಮ